ಕರ್ಪೂರದ ಪೆಟ್ಟಿಗೆಗೆ ಬೀಗ ಹಾಕಿದ ರಾತ್ರಿ

ಕಳೆದ ನವೆಂಬರಿನ ಒಂದು ಶನಿವಾರ ರಾತ್ರಿ, ಸೋಮವಾರಪೇಟೆ ಹತ್ತಿರದ ಒಂದು ಮನೆಯಲ್ಲಿ, ಬೀಗ ಹಾಕಿದ್ದ ಖಾಲಿ ಪೆಟ್ಟಿಗೆಯ ಒಳಗಿನಿಂದ ಕೆಮ್ಮು ಕೇಳಿಸಿತು. ಕೇಳಿಸಿಕೊಂಡವರು ಮೂವರು. ಅವರಲ್ಲಿ ನಾನೊಬ್ಬ.

ಪತ್ರಿಕೆಯಲ್ಲಿ ಕೆಲಸ ಮಾಡಿದವನು ನಾನು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಬಿಟ್ಟು ಬೇರೆ ಬರೆದು ಅಭ್ಯಾಸವಿಲ್ಲ. ಇಲ್ಲಿ ಹೆಸರುಗಳನ್ನು ಮಾತ್ರ ಬದಲಾಯಿಸಿದ್ದೇನೆ.

ಹಿಂದೆ ಇಂಗ್ಲಿಷರು ಚೀನಾದಲ್ಲಿ ಮಾಡಿಸಿ, ಹಡಗಿನಲ್ಲಿ ತರಿಸಿಕೊಂಡ ಕುರ್ಚಿ, ಮೇಜು, ಪೆಟ್ಟಿಗೆಗಳನ್ನು ಹುಡುಕಿ ಗುರುತಿಸುವುದು ನನ್ನ ಹವ್ಯಾಸ. ಆಕಾರ ಇಂಗ್ಲಿಷರದ್ದು, ಕೈಕೆಲಸ ಚೀನಾದ ಬಡಗಿಯದ್ದು. ಕೊಡಗಿನ ಹಳೆಯ ಎಸ್ಟೇಟ್ ಬಂಗಲೆಗಳಿಂದ ಇಂಥವು ಆಗಾಗ ಹೊರಬರುತ್ತವೆ. ಹೆಚ್ಚಿನವು ನಕಲಿ.

ರತ್ನಮ್ಮನ ಮನೆಯಲ್ಲಿ ಇದ್ದದ್ದು ಕರ್ಪೂರದ ಮರದ ದೊಡ್ಡ ಪೆಟ್ಟಿಗೆ. ಅವರ ಗಂಡನ ಅಜ್ಜ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಲ್ಲಿನ ಇಂಗ್ಲಿಷ್ ದೊರೆ ಊರು ಬಿಡುವಾಗ ಕೊಟ್ಟು ಹೋದದ್ದಂತೆ. ರತ್ನಮ್ಮನ ಅತ್ತೆ ಕೊನೆಗಾಲದಲ್ಲಿ, "ಈ ಪೆಟ್ಟಿಗೆ ಹಿರೀ ಸೊಸೆಗೆ" ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಗಂಡ ತೀರಿಕೊಂಡ ಮೇಲೂ ಹಾಸಿಗೆ ಹಿಡಿದ ಅತ್ತೆಯ ಎಲೆಅಡಿಕೆಯ ಬಾಯಿ ಒರೆಸಿ, ಬೆನ್ನು ತೊಳೆದವರು ರತ್ನಮ್ಮ. ಅವರಿಗೆ ಅತ್ತೆ ಕೊಟ್ಟದ್ದು ಅಂತ ಇದ್ದದ್ದು ಅದೊಂದೇ.

ಆದರೆ ಪಾಲಿನ ಮಾತುಕತೆಯಲ್ಲಿ ಮನೆ ರತ್ನಮ್ಮನಿಗೆ, ಬೆಲೆಬಾಳುವ ಹಳೆಯ ಸಾಮಾನು ಮೈದುನ ಉದಯನಿಗೆ ಎಂದು ಹಿರಿಯರು ತೀರ್ಮಾನ ಮಾಡಿದ್ದರು. ಪೆಟ್ಟಿಗೆ ನಕಲಿಯಾದರೆ ರತ್ನಮ್ಮನ ಬಳಿಯೇ ಇರುತ್ತದೆ. ಅಸಲಿಯಾದರೆ ಉದಯ ಒಯ್ಯುತ್ತಾನೆ. ಅದನ್ನು ಹೇಳಲು ನನ್ನನ್ನು ಕರೆಸಿದ್ದರು.

ಸಂಜೆಯೇ ಪೆಟ್ಟಿಗೆ ಖಾಲಿ ಮಾಡಿಸಿ, ಮಗುಚಿ ನೋಡಿದೆ. ಮೂಲೆಯ ಹಿತ್ತಾಳೆ ಪಟ್ಟಿಗಳು ಮರದ ಮಟ್ಟಕ್ಕೇ ಕೂತಿದ್ದವು. ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ನಕಲಿಯಲ್ಲಿ ಪಟ್ಟಿಯನ್ನು ಮೇಲಿಟ್ಟು ಮೊಳೆ ಹೊಡೆದಿರುತ್ತಾರೆ. ತಳದ ಹಲಗೆಯ ಮೇಲೆ ಕುಂಚದಲ್ಲಿ ಬರೆದ ಚೀನೀ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು.

ಉಳಿದದ್ದು ವಾಸನೆಯ ಪರೀಕ್ಷೆ. ವ್ಯಾಪಾರಿಗಳು ಬೇರೆ ಮರಕ್ಕೆ ಕರ್ಪೂರದ ಎಣ್ಣೆ ಸವರಿ ಮಾರುವುದುಂಟು. ಅದಕ್ಕೇ ಒಳಗೆಲ್ಲ ಒರೆಸಿ, ಗಾಳಿಗೆ ಬಿಟ್ಟು, ಆಮೇಲೆ ಒಂದು ರಾತ್ರಿ ಖಾಲಿಯಾಗಿ ಮುಚ್ಚಿಡಬೇಕು. ಬೆಳಿಗ್ಗೆ ಮರದ್ದೇ ವಾಸನೆ ಮತ್ತೆ ತುಂಬಿಕೊಂಡಿದ್ದರೆ ಅಸಲಿ.

"ಖಾಲಿ ಮುಚ್ಚೋದು ಬೇಡ ಸಾರ್," ಎಂದರು ರತ್ನಮ್ಮ. "ಹಿರಿಯರ ಹಬ್ಬಕ್ಕೆ ಇದರ ಮೇಲೇ ಎಡೆ ಇಟ್ಟು, ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಲ್ಲೋದು. ತೀರಿಹೋದವರು ಬಂದು ಉಂಡು ಹೋಗ್ಲಿ ಅಂತ. ಆಮೇಲೆ ಕೆಮ್ಮಿ, ಸದ್ದು ಮಾಡಿಯೇ ಬಾಗಿಲು ತೆಗೀತೀವಿ. ಏನೂ ಇಡದೆ ಮುಚ್ಚಿದ್ರೆ... ಕರೆದು ಉಪವಾಸ ಕೂರಿಸಿದ ಹಾಗಲ್ವಾ?"

ಉದಯ ನಕ್ಕ. "ಅತ್ತಿಗೆಗೆ ಪೆಟ್ಟಿಗೆ ಬಿಡೋಕೆ ಮನಸ್ಸಿಲ್ಲ, ಅಷ್ಟೇ ಸಾರ್. ರಾತ್ರಿ ಒಳಗೆ ಫಿನಾಯಿಲ್ ಸುರಿದ್ರೂ ಸುರಿದಾರು. ನೀವು ಅದೇ ರೂಮಲ್ಲಿ ಮಲಗಿ. ಬೀಗದ ಕೈ ನನ್ನ ಹತ್ರ ಇರ್ಲಿ."

ಪೆಟ್ಟಿಗೆಗೆ ಬೀಗ ಬಿತ್ತು. ನಾನು ಅದರ ಪಕ್ಕದ ಮಂಚದಲ್ಲಿ ಮಲಗಿದೆ. ಉದಯ ನಡುಮನೆಯಲ್ಲಿ. ರತ್ನಮ್ಮ ಅಡುಗೆಮನೆ ಪಕ್ಕದ ಕೋಣೆಯಲ್ಲಿ.

ಮೊದಲು ಬಂದದ್ದು ವಾಸನೆ. ಕರ್ಪೂರದ್ದಲ್ಲ... ಹೊಗೆಸೊಪ್ಪಿನದ್ದು. ಎಲೆಅಡಿಕೆಯ ಜೊತೆ ಜಗಿದ, ಹಸಿ ಹೊಗೆಸೊಪ್ಪು. ಎಚ್ಚರವಾಯಿತು. ಆ ಮನೆಯಲ್ಲಿ ಯಾರೂ ಎಲೆ ಹಾಕುವುದನ್ನು ನಾನು ನೋಡಿರಲಿಲ್ಲ.

ಆಮೇಲೆ ಕೆಮ್ಮು.

ಒಣ ಕೆಮ್ಮು, ಒಂದೇ ಸಲ. ಬಾಯಿಗೆ ಸೆರಗು ಒತ್ತಿ ಹಿಡಿದು ಕೆಮ್ಮಿದ ಹಾಗೆ.

"ಉದಯಾ?" ಎಂದೆ, ಮೆಲ್ಲಗೆ.

ನಡುಮನೆಯಿಂದ ಅಷ್ಟೇ ಮೆಲ್ಲಗೆ ಉತ್ತರ ಬಂತು. "ನಾನಲ್ಲ ಸಾರ್... ನೀವು ಅಂದ್ಕೊಂಡೆ."

ಮತ್ತೆ ಕೆಮ್ಮು. ಈ ಸಲ ದಿಕ್ಕಿನ ಬಗ್ಗೆ ಅನುಮಾನವಿರಲಿಲ್ಲ. ಮೊಬೈಲಿನ ಬೆಳಕು ಬಿಟ್ಟೆ. ಬೀಗ ಹಾಕಿದ ಹಾಗೇ ಇತ್ತು. ಹಿತ್ತಾಳೆ ಹೊಳೆಯುತ್ತಿತ್ತು. ಮುಚ್ಚಳ ಅಲುಗಾಡಿರಲಿಲ್ಲ.

ಆಗ ಅಡುಗೆಮನೆ ಕಡೆಯಿಂದ, ನಿದ್ದೆಗಣ್ಣಿನ ಧ್ವನಿ.

"ಬಂದೆ ಅತ್ತೆ... ಬಂದೆ ಬಂದೆ..."

ಪಾತ್ರೆಯ ಸದ್ದು. ಗ್ಯಾಸ್ ಹೊತ್ತಿಸಿದ ಸದ್ದು. ಸ್ವಲ್ಪ ಹೊತ್ತಿಗೆ ರತ್ನಮ್ಮ ಬಿಸಿನೀರಿನ ಲೋಟ ಹಿಡಿದು ಕತ್ತಲಲ್ಲೇ ನಡೆದು ಬಂದರು. ನನ್ನ ಕಡೆ ನೋಡಲೇ ಇಲ್ಲ. ಲೋಟವನ್ನು ಪೆಟ್ಟಿಗೆಯ ಮೇಲಿಟ್ಟು, "ಬಿಸಿ ಇದೆ, ನಿಧಾನ," ಎಂದರು.

"ಅತ್ತಿಗೇ..." ಬಾಗಿಲಲ್ಲಿ ಉದಯ ನಿಂತಿದ್ದ.

ರತ್ನಮ್ಮ ತಿರುಗಿದರು. ಅವನನ್ನು ನೋಡಿದರು, ನನ್ನನ್ನು ನೋಡಿದರು. "ನಾನ್ಯಾಕೆ ಇಲ್ಲಿಗೆ ಬಂದೆ?"

ಅವರು ತಮ್ಮ ಬರಿಗೈ ನೋಡಿಕೊಂಡು, ಸೆರಗು ಹೊದ್ದು ಹೊರಟುಹೋದರು. ಲೋಟ ಅಲ್ಲೇ ಉಳಿಯಿತು. ಮತ್ತೆ ಕೆಮ್ಮು ಕೇಳಲಿಲ್ಲ. ನಾನು ಬೆಳಗಾಗುವವರೆಗೆ ಮಂಚದ ಮೇಲೆ ಕೂತೇ ಇದ್ದೆ.

ಬೆಳಕಾದಾಗ ಲೋಟ ಖಾಲಿಯಾಗಿತ್ತು. ನಾನು ಕುಡಿದಿರಲಿಲ್ಲ. ಮುಚ್ಚಳದ ಮೇಲೂ ನೆಲದ ಮೇಲೂ ಒದ್ದೆಯಿರಲಿಲ್ಲ.

ಉದಯ ಬೀಗದ ಕೈ ತಂದ. "ಕೆಮ್ಮಿ ತೆಗಿ," ಎಂದರು ರತ್ನಮ್ಮ.

"ರಾತ್ರಿ ಕೆಮ್ಮಿದ್ದು ಸಾಲದಾ ಅತ್ತಿಗೆ?" ಎಂದ. ನಗಲು ನೋಡಿದ, ಆಗಲಿಲ್ಲ. ಸದ್ದು ಮಾಡದೆಯೇ ತೆಗೆದ.

ಒಳಗೆ ಏನೂ ಇರಲಿಲ್ಲ. ಕರ್ಪೂರದ ವಾಸನೆ ಮುಖಕ್ಕೆ ಬಡಿಯಿತು. ತಣ್ಣಗೆ, ಸ್ವಚ್ಛವಾಗಿ. ಹೊಗೆಸೊಪ್ಪಿನ ಸುಳಿವೂ ಇಲ್ಲ.

"ಅಸಲಿ," ಎಂದೆ.

"ರಾತ್ರಿ ಕೇಳಿದ್ದನ್ನೂ ಹಿರಿಯರ ಮುಂದೆ ಹೇಳಿ ಸಾರ್," ಎಂದರು ರತ್ನಮ್ಮ.

"ಪೆಟ್ಟಿಗೆ ಅಸಲಿಯೋ ನಕಲಿಯೋ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲಮ್ಮ."

"ಯಾರದ್ದು ಅನ್ನೋದಕ್ಕೆ ಇದೆಯಲ್ಲ?"

ಸ್ವಲ್ಪ ಹೊತ್ತಿಗೆ ಬಂದು ಕೂತ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ, ಅಸಲಿಯೋ ನಕಲಿಯೋ. ನಾನು ಅದಕ್ಕೆ ಮಾತ್ರ ಉತ್ತರ ಕೊಟ್ಟೆ. ರಾತ್ರಿಯ ವಿಷಯವನ್ನು ರತ್ನಮ್ಮನೇ ಎತ್ತಿದಾಗ ಉದಯ, "ಇಲಿ," ಎಂದ. ಹಿರಿಯರೊಬ್ಬರು, "ಇಲಿಗೆ ಬಿಸಿನೀರು ಕೊಟ್ಟೆಯೇನಮ್ಮ?" ಎಂದರು. ಎಲ್ಲರೂ ನಕ್ಕರು. ರತ್ನಮ್ಮ ಒಳಗೆ ಹೋದವರು ಹೊರಗೆ ಬರಲಿಲ್ಲ. ಅಂದು ನನಗೆ ಆ ಮನೆಯಲ್ಲಿ ಕಾಫಿ ಸಿಗಲಿಲ್ಲ.

ಮಧ್ಯಾಹ್ನ ಉದಯ ಮತ್ತು ಡ್ರೈವರ್ ಇಬ್ಬರೇ ಪೆಟ್ಟಿಗೆಯನ್ನು ಪಿಕಪ್‌ಗೆ ಏರಿಸಿ ಕುಶಾಲನಗರದ ಮನೆಗೆ ಒಯ್ದರು. ಅಂದಿನಿಂದ ಉದಯ ನನ್ನ ಫೋನ್ ತೆಗೆಯುತ್ತಿಲ್ಲ.

ಕಳೆದ ಸೋಮವಾರ ಸೋಮವಾರಪೇಟೆ ಸಂತೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ರತ್ನಮ್ಮ ತರಕಾರಿ ಚೀಲ ಹಿಡಿದು ನಿಂತಿದ್ದರು. ಉದಯನ ಹೆಂಡತಿ ಅವರ ಕೈ ಹಿಡಿದುಕೊಂಡಿದ್ದಳು.

"ಅಕ್ಕಾ, ಒಂದೇ ಒಂದು ರಾತ್ರಿ ಬಂದು ನಮ್ಮನೇಲಿ ಮಲಗಿ ಅಕ್ಕಾ. ಆ ಕೆಮ್ಮಿಗೆ ನಮ್ಮನೆಯವರು ನಿದ್ದೆ ಮಾಡಿ ಎಷ್ಟು ದಿನ ಆಯ್ತೋ."

"ಪೆಟ್ಟಿಗೆ ವಾಪಸ್ ಕಳಿಸು."

"ಎತ್ತೋಕೆ ಆಗ್ತಿಲ್ಲ. ಆರು ಜನ ಕರೆಸಿದ್ವಿ ಅಕ್ಕಾ... ನೆಲ ಬಿಟ್ಟು ಏಳ್ತಿಲ್ಲ."

ಊರಿಗೆ ಹೋಗುವ ಶಾಂತಳ್ಳಿ ಬಸ್ ಬಂತು. ರತ್ನಮ್ಮ ಕೈ ಬಿಡಿಸಿಕೊಂಡು ಹತ್ತಿದರು.