ಹಾಯಿಯ ದಾರ

ನೆದರ್ಲೆಂಡ್ಸ್‌ನ ರೈಸ್‌ವೈಕ್‌ನಲ್ಲಿ ನಮ್ಮ ಪಕ್ಕದ ಮನೆಯವರು ದಕ್ಷಿಣ ಅಮೆರಿಕದ ಸುರಿನಾಮ್‌ ಕಡೆಯವರು. ಆ ಮನೆಯ ಹಿರಿಯಾಕೆಯನ್ನು ಅವರ ಮೊಮ್ಮಗಳ ಹಾಗೆ ನಾನೂ ಆಜಿ ಎನ್ನುತ್ತೇನೆ. ಅವರ ಹಿಂದೂಸ್ತಾನಿ, ನನ್ನ ಹಾವೇರಿಯ ದಖನಿ, ಹೇಗೋ ಮಾತು ಸಾಗುತ್ತದೆ. ಆಜಿಯ ಅಜ್ಜಿ ಕಲ್ಕತ್ತೆಯಲ್ಲಿ ಹಾಯಿಹಡಗು ಹತ್ತಿ, ತಿಂಗಳುಗಟ್ಟಲೆ ನೀರಿನ ಮೇಲಿದ್ದು, ಸುರಿನಾಮ್‌ನ ಕಬ್ಬಿನ ತೋಟಕ್ಕೆ ಕೂಲಿಯಾಗಿ ಹೋದವರಂತೆ.

ಕಳೆದ ವಸಂತದ ಒಂದು ಭಾನುವಾರ ಮೊಮ್ಮಗಳು ಮೆಚ್ಚಿದ ಹುಡುಗ ತನ್ನ ತಾತನೊಂದಿಗೆ ಮಾತುಕತೆಗೆ ಬಂದ. ಅವರೂ ಸುರಿನಾಮ್‌ನವರೇ. ಆಜಿ ಬೇಳೆ ತುಂಬಿದ ರೊಟ್ಟಿ, ಅಲಸಂದೆ ಕಾಯಿ ಪಲ್ಯ ಮಾಡಿದ್ದರು. ನಾನು ಶಾವಿಗೆ ಖೀರು ಒಯ್ದಿದ್ದೆ.

ಮಾತು ಹಡಗಿನತ್ತ ಹೊರಳಿತು. "ನಮ್ಮಜ್ಜಿಗೆ ದಾರೀಲಿ ಜ್ವರ. ಗುರುತಿಲ್ಲದ ಹುಡುಗನೊಬ್ಬ ದಿನಾ ತನ್ನ ಪಾಲಿನ ನೀರು ಕೊಟ್ಟು ಉಳಿಸಿದ" ಎಂದರು ಆಜಿ.

ತಾತ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಇಳಿಯೋ ದಿನ ಆಕೆ ಹಾಯಿಯಿಂದ ಒಂದು ದಾರ ಕಿತ್ತು ಅವನ ಮಣಿಕಟ್ಟಿಗೆ ಕಟ್ಟಿದಳು."

"ಅದು ನಿಮಗೆ ಹೇಗೆ ಗೊತ್ತು?" ಆಜಿ ಕೇಳಿದರು.

"ಕಟ್ಟಿಸಿಕೊಂಡವನ ಮೊಮ್ಮಗ ನಾನು."

ಕೈಯಲ್ಲಿದ್ದ ಖೀರಿನ ಪಾತ್ರೆ ಇಡುವುದನ್ನೂ ಮರೆತು ನಿಂತೆ. ಬೇರೆ ಬೇರೆ ತೋಟಗಳಿಗೆ ಹಂಚಿಹೋದ ಇಬ್ಬರ ಕತೆಯ ಎರಡು ತುದಿಗಳು ಇಷ್ಟು ಕಾಲವಾದ ಮೇಲೆ, ಟ್ರಾಮ್ ಸದ್ದು ಕೇಳುವ ಈ ಊಟದ ಕೋಣೆಯಲ್ಲಿ, ಒಂದನ್ನೊಂದು ಮುಟ್ಟಿದ್ದವು.

ಆಜಿಯ ಮುಖ ಮಾತ್ರ ಕಪ್ಪಿಟ್ಟಿತು. ಒಂದೇ ಹಡಗಿನವರು ಜಹಾಜಿ ಬಂಧುಗಳು, ಒಡಹುಟ್ಟಿದವರ ಸಮ; ಅವರ ಸಂತಾನದ ನಡುವೆ ಹಿಂದೆ ಮದುವೆ ಮಾಡುತ್ತಿರಲಿಲ್ಲ. "ಈ ಸಂಬಂಧ ಆಗಲ್ಲ" ಎಂದರು.

ಮೊಮ್ಮಗಳು ತಟ್ಟೆ ನೋಡುತ್ತ ಕುಳಿತಳು. ತಡೆಯಲಾರದೆ ನಾನು ಬಾಯಿ ಹಾಕಿದೆ: "ನಮ್ಮ ಮುಸ್ಲಿಮರಲ್ಲಿ ಚಿಕ್ಕಪ್ಪನ ಮಗನನ್ನೇ ಮದುವೆ ಆಗ್ತಾರೆ ಆಜಿ. ಇವರಿಗೆ ರಕ್ತಸಂಬಂಧಾನೂ ಇಲ್ಲ."

"ನಿಮಗೆ ಅಣ್ಣಂದಿರು ಹುಟ್ಟಿನಿಂದಲೇ ಇದ್ರು ಬೇಟಿ. ನಮ್ಮಜ್ಜಿಗೆ ಯಾರೂ ಇರಲಿಲ್ಲ. ಆ ಹುಡುಗನೊಬ್ಬನೇ."

ಎಲ್ಲೋ ಶಾಲೆಯಲ್ಲಿ ಓದಿ ಮರೆತಿದ್ದ ಆ ಹಡಗುಗಳಲ್ಲಿ ಎಂಥೆಂಥ ಮನುಷ್ಯರು ಹೋಗಿದ್ದರಲ್ಲ ಅನ್ನಿಸಿತು.

ತಾತ ಆಜಿಯತ್ತ ತಿರುಗಿ ಕೇಳಿದರು, "ಹಾಗಾದ್ರೆ ನಾನು ನಿನಗೆ ಅಣ್ಣ ತಾನೆ?"

"ಹೌದು."

"ಅಣ್ಣನ ಮಾತು ನಡೆಸ್ತೀಯಾ?"

"ವಯಸ್ಸಿಗೆ ನಾನೇ ದೊಡ್ಡವಳು ಇರಬೇಕು" ಎಂದು ಆಜಿ ಗೊಣಗಿದರು. ಆಮೇಲೆ ತಲೆಯಾಡಿಸಿದರು.

"ಆ ಇಬ್ಬರು ಉಳಿದದ್ದಕ್ಕೇ ಈ ಇಬ್ಬರು ಇಲ್ಲಿ ಕೂತಿದ್ದಾರೆ. ಒಪ್ಪಿಕೋ ತಂಗಿ."

ಆಜಿ ಎದ್ದು ಮೊದಲು ತಾತನಿಗೆ ಬಡಿಸಿದರು. ಆಮೇಲೆ ಹುಡುಗನ ತಟ್ಟೆಗೆ ಒಂದರ ಮೇಲೊಂದು ರೊಟ್ಟಿ ಹಾಕಿದರು, ಅಳಿಯನಿಗೆ ಹಾಕುವ ಹಾಗೆ. "ಈ ಮದುವೆ ಹೇಗಾಯ್ತು ಅಂತ ನಮ್ಮವರಲ್ಲಿ ಹಿರಿಯರು ಯಾರಾದ್ರೂ ಕೇಳಿದ್ರೆ ನೀನೇ ಉತ್ತರ ಹೇಳಬೇಕು, ಅಣ್ಣ."

"ಹೇಳ್ತೀನಿ" ಎಂದರು ತಾತ, ಪಲ್ಯಕ್ಕೆ ಕೈ ಚಾಚುತ್ತ.