ಗಯಾಬಾಯಿ ತೆರೆದ ಕಿಡಕಿ

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಗಳಲ್ಲಿ ಯಾರಾದರೂ ಹೊಸ ಮನೆ ಕಟ್ಟಿಸಿದರೆ ಸಾಮಾನು ಜೋಡಿಸುವ ಮುಂಚೆ ಗಯಾಬಾಯಿಯನ್ನು ಕರೆಯುತ್ತಿದ್ದರು. ಇದು ಎಂಬತ್ತರ ದಶಕದ ಮಾತು. ಅವಳು ಬಂದವಳೇ ಮನೆಯ ನಡುವೆ ನಿಂತು ಬೆಳಕು ಎಲ್ಲಿಂದ ಬರುತ್ತದೆ ಎಂದು ನೋಡುತ್ತಿದ್ದಳು. ಬೆಳಕಿನ ಎದುರಿನ ಗೋಡೆಗೆ ಸುಣ್ಣ, ಅದರ ಮುಂದೆ ಹಿತ್ತಾಳೆ ಕೊಡ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ನಡೆದಾಡುವ ದಾರಿಯಲ್ಲಿ ಒಂದು ನೀರಿನ ಚರಿಗೆಯೂ ಇರಬಾರದು. ಒಂದು ಗೋಡೆಯನ್ನು ಖಾಲಿ ಬಿಡಿ, ಕಣ್ಣಿಗೂ ಕೂರಲು ಜಾಗ ಬೇಕು ಎನ್ನುತ್ತಿದ್ದಳು. ಹೆಂಗಸರು ಅದನ್ನು ಕೈಗುಣ ಎಂದುಕೊಂಡರು. ಅವಳು ಅದನ್ನೆಲ್ಲ ಹೆದರಿಕೆಯಲ್ಲಿ ಕಲಿತಿದ್ದಳು.

ದುಬಲಗುಂಡಿಯ ಕೂಲಿಕಾರರ ಮಗಳು ಅವಳು. 1963ರಲ್ಲಿ ಕುರಿ ಕಾಯುವ ಪಂಡರಿಯನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಪಂಡರಿ ದೀಪಾವಳಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಹೋದರೆ ಮೊದಲ ಮಳೆಗೇ ತಿರುಗಿ ಬರುತ್ತಿದ್ದ. ಮನೆಯಲ್ಲಿ ಉಳಿಯುವವರು ಮಾವ ಮಡೆಪ್ಪ, ಅತ್ತೆ ಸತ್ಯಮ್ಮ ಮತ್ತು ಅವಳು. ಅಡುಗೆಮನೆ ಎಲ್ಲಕ್ಕಿಂತ ಒಳಗಿತ್ತು. ಅದಕ್ಕೆ ಕಿಡಕಿ ಇರಲಿಲ್ಲ. ರೊಟ್ಟಿ ಬೆಂದಿತೋ ಸುಟ್ಟಿತೋ ಎಂಬುದನ್ನು ಮಧ್ಯಾಹ್ನವೂ ಮೂಗಿನಿಂದಲೇ ತಿಳಿಯಬೇಕಿತ್ತು. ಸತ್ಯಮ್ಮನ ಎಡಗಾಲು ಪಾದದಿಂದ ಮೊಣಕಾಲಿನವರೆಗೆ ಸುಟ್ಟು ಸುಕ್ಕುಗಟ್ಟಿತ್ತು. ಆ ಕತ್ತಲಲ್ಲಿ ಕುದಿಯುವ ಎಸರು ಕೆಡವಿಕೊಂಡ ಗುರುತು ಅದು.

ಮೂರನೆಯ ವರ್ಷ ಮಗಳು ದ್ರೌಪತಿ ಅಂಬೆಗಾಲಿಡತೊಡಗಿದಳು. ಅಂದಿನಿಂದ ಗಯಾಬಾಯಿ ಕಿವಿಯಿಂದಲೇ ಮಗುವನ್ನು ಕಾಯಬೇಕಾಯಿತು. ಹಿಟ್ಟು ನಾದುವಾಗ ಕೂಸಿನ ಗೆಜ್ಜೆಯ ಸದ್ದು ಎತ್ತ ಹೋಯಿತು ಎಂದು ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಸದ್ದು ನಿಂತಿತು. ಅವಳು ನೆಲ ತಡವಿದಳು, ಒರಳಿನ ಹಿಂದೆ ತಡವಿದಳು. ಕೊನೆಗೆ ಕೂಸು ಸಿಕ್ಕಿದ್ದು ಒಲೆಯ ಬಾಯಲ್ಲಿ. ಉರಿಯುವ ಕಟ್ಟಿಗೆಗೂ ಅದರ ಬೆರಳಿಗೂ ಗೇಣು ಅಂತರವಿತ್ತು. ಕೂಸು ನಗುತ್ತಿತ್ತು. ಅತ್ತೆಯ ಕಾಲಿನ ಚರ್ಮ ಆ ಪುಟ್ಟ ಕೈಯ ಮೇಲೆ ಬಂದು ಕೂತಂತೆ ಅವಳಿಗೆ ಕಂಡಿತು.

ಮರುದಿನವೇ ಸಾಮಾನು ಸರಿಸತೊಡಗಿದಳು. ಒರಳನ್ನು ಮೂಲೆಗೆ ಉರುಳಿಸಿದಳು, ಎಸರಿನ ಗಡಿಗೆಯನ್ನು ಗೋಡೆಯ ಕಡೆಗೆ ತಳ್ಳಿದಳು, ಬಾಗಿಲಿನಿಂದ ಒಲೆಯವರೆಗಿನ ದಾರಿಯನ್ನು ಬರಿದು ಮಾಡಿದಳು. ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳಿದಳು. ಬಾಗಿಲಿಗೆದುರು ತವರಿನ ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಳು.

“ಅಡಗಿಮನ್ಯಾಗ ಮದಿವಿ ಇಟ್ಕೊಂಡೀಯೇನ?” ಎಂದಳು ಸತ್ಯಮ್ಮ.

ಇಷ್ಟೆಲ್ಲ ಮಾಡಿದರೂ ನಡುಮನೆಯ ಬೆಳಕು ಹೊಸ್ತಿಲು ದಾಟಿ ಎರಡು ಮೊಳ ಬಂತು, ಅಷ್ಟೆ. ಒಲೆಯ ಸುತ್ತ ಕತ್ತಲು ಹಾಗೇ ಉಳಿಯಿತು. ಹಿಂಗೋಡೆಗೆ ಒಂದು ಕಿಡಕಿ ಬೇಕೆಂದು ಅತ್ತೆಯ ಮೂಲಕ ಕೇಳಿಸಿದಳು. ಸೊಸೆ ಮಾವನ ಎದುರು ನೇರ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಹೇಳುವುದನ್ನು ಅತ್ತೆಗೋ ಕೂಸಿಗೋ ಹೇಳಬೇಕು, ಅವನು ಕೇಳಿಸಿಕೊಳ್ಳಬೇಕು. ಮಡೆಪ್ಪ ಉಣ್ಣುತ್ತಿದ್ದ ತಟ್ಟೆಯನ್ನು ಗೋಡೆಗೆ ಬೀಸಿದ. ಹಿಂದಿನ ಓಣಿಯ ಕಡೆ ಗೋಡೆ ಒಡೆದವರ ಕೈ ಮುರಿಯುತ್ತೇನೆ ಎಂದ. ಸಿಡಿದ ಬೇಳೆಯನ್ನು ಗಯಾಬಾಯಿ ಒರೆಸಿದಳು.

ಯುಗಾದಿಯ ಮುಂಚೆ ಗೋಡೆಗಳಿಗೆ ಮಣ್ಣು ಮೆತ್ತುವ ಕೆಲಸ. ಅದು ಹೆಂಗಸರದ್ದು. ಹಿಂಗೋಡೆಗೆ ಮೆತ್ತುವಾಗ ಒಂದು ಕಡೆ ಅಂಗೈಯ ಸದ್ದು ಬೇರೆಯಾಗಿ ಕೇಳಿತು. ಕೆರೆದು ನೋಡಿದಾಗ ಮಣ್ಣಿನ ಹಿಂದೆ ಹಳೆಯ ತೊಲೆಯ ತುದಿ ಕಂಡಿತು, ಅದರ ಕೆಳಗೆ ಅವಸರದಲ್ಲಿ ತುರುಕಿದ ಕಲ್ಲುಗಳು. ಅಲ್ಲಿ ಮೊದಲು ಕಿಡಕಿ ಇತ್ತು.

ಸತ್ಯಮ್ಮ ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು. 1948ರಲ್ಲಿ ಪೊಲೀಸ್ ಆಕ್ಷನ್ ಆಗುವ ಮುಂಚಿನ ಗದ್ದಲದಲ್ಲಿ ಒಂದು ಸಂಜೆ ಹಿಂದಿನ ಓಣಿಯಲ್ಲಿ ಗುಂಪು ಬಂದಿತ್ತು. ಯಾರೋ ಕಿಡಕಿಯಿಂದ ಕೈ ಹಾಕಿ ಅವಳ ಸೆರಗು ಹಿಡಿದರು. ಅವಳು ಸೆರಗು ಹರಿದುಕೊಂಡು ಬಿಡಿಸಿಕೊಂಡಳು. ಆ ಹೊತ್ತಿನಲ್ಲಿ ಮಡೆಪ್ಪ ಜೋಳ ತುಂಬುವ ನೆಲದಡಿಯ ಹಗೇವಿನಲ್ಲಿ ಅಡಗಿ ಕೂತಿದ್ದ. ಬೆಳಗಾದ ಮೇಲೆ ಹೊರಗೆ ಬಂದು, ಅವಳ ಮುಖ ನೋಡದೆ ಕಿಡಕಿ ಮುಚ್ಚಿದ.

“ಅಂಜಿದಾಂವ ಅವ,” ಎಂದಳು ಸತ್ಯಮ್ಮ. “ಕತ್ತಲದಾಗ ಕುಂತಾಕಿ ನಾ.”

ಮರುದಿನ ಮಡೆಪ್ಪ ಆಡುಗಳಿಗೆ ನೀರು ಕುಡಿಸಲು ಹೋದಾಗ ಗಯಾಬಾಯಿ ಗುದ್ದಲಿಯ ಮೊನೆಯಿಂದ ಮೊದಲ ಕಲ್ಲು ಸಡಿಲಿಸಿದಳು. ತೆಗೆದ ಕಲ್ಲನ್ನು ಸಗಣಿಯ ಬುಟ್ಟಿಯ ತಳದಲ್ಲಿಟ್ಟು ತಿಪ್ಪೆಗೆ ಹೊತ್ತಳು. ಗೋಡೆಯಲ್ಲಾದ ತೂತಿಗೆ ಮೊರ ಅಡ್ಡ ಇಟ್ಟಳು. ದಿನಕ್ಕೆ ಒಂದು ಕಲ್ಲು, ಕೆಲವೊಮ್ಮೆ ಎರಡು. ಮಡೆಪ್ಪ ಮನೆಯಲ್ಲೇ ಉಳಿದ ದಿನ ಸತ್ಯಮ್ಮ ಖಾರ ಕುಟ್ಟಲು ಕೂರುತ್ತಿದ್ದಳು. ಒರಳಿನಲ್ಲಿ ಮೆಣಸಿನಕಾಯಿ ಇರುತ್ತಿರಲಿಲ್ಲ. ಒನಕೆಯ ಪೆಟ್ಟಿಗೆ ಗುದ್ದಲಿಯ ಪೆಟ್ಟು ಸೇರಿಹೋಗುತ್ತಿತ್ತು.

“ಎಂಟ್ ದಿನಾತು, ಏನ್ ಕುಟ್ಟಾಕತ್ತೀರಿ?” ಎಂದು ನಡುಮನೆಯಿಂದ ಕೇಳಿದ ಮಡೆಪ್ಪ.

“ವರ್ಷದ ಖಾರ. ವರ್ಷ ಪೂರಾ ತಿಂತೀ, ಕುಟ್ಟಬೇಕಲ್ಲ,” ಎಂದಳು ಸತ್ಯಮ್ಮ.

ಅವನು ಮತ್ತೆ ಕೇಳಲಿಲ್ಲ. ಅಡುಗೆಮನೆಯ ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆದರೂ ಅವನ ಕೋಲಿನ ಸದ್ದು ಹೊಸ್ತಿಲ ಕಡೆ ಬಂದಾಗಲೆಲ್ಲ ಗಯಾಬಾಯಿ ಮೊರವನ್ನು ಗೋಡೆಗೆ ಒತ್ತಿ ಹಿಡಿಯುತ್ತಿದ್ದಳು. ರಾತ್ರಿಗಿಂತ ಹಗಲೆಂದರೇ ಅವಳಿಗೆ ಹೆಚ್ಚು ಭಯವಾಗಿತ್ತು.

ಹನ್ನೊಂದನೆಯ ದಿನ ಹೊರಗಿನ ಮಣ್ಣಿನ ಪದರು ತಾನಾಗಿಯೇ ಕುಸಿಯಿತು. ಬೆಳಕು ಒಮ್ಮೆಲೇ ಒಳಗೆ ಬಿತ್ತು. ಎದುರಿನ ಸುಣ್ಣದ ಗೋಡೆ ಅದನ್ನು ಒಲೆಯ ಮೇಲೆ ಎಸೆಯಿತು, ಹಿತ್ತಾಳೆ ಕೊಡ ಮೂಲೆಗೆ ತಳ್ಳಿತು. ಕೂಸು ಕಣ್ಣು ಮುಚ್ಚಿಕೊಂಡಿತು. ಬೆಳಕು ಹೊಸ್ತಿಲು ದಾಟಿ ನಡುಮನೆಯ ನೆಲಕ್ಕೂ ಹೋಯಿತು.

ಕೋಲಿನ ಸದ್ದು ಬಂತು. ಮಡೆಪ್ಪ ಬಾಗಿಲಲ್ಲಿ ನಿಂತ. ಗಯಾಬಾಯಿ ಕೂಸನ್ನು ಅತ್ತೆಯ ಮಡಿಲಿಗೆ ತಳ್ಳಿ ಎದ್ದು ನಿಂತಳು. ಕೋಲು ಬಿದ್ದರೆ ತನ್ನ ಮೇಲೆ ಬೀಳಲಿ ಎಂದು.

ಅವನು ಹೆಂಡತಿಗೆ ಹೇಳಿದ: “ಅದನ್ನ ಮುಚ್ಚಸು.”

ಸತ್ಯಮ್ಮ ಕೂತಲ್ಲಿಂದ ಏಳಲಿಲ್ಲ. ಗಯಾಬಾಯಿ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

“ನಾ ಮುಚ್ಚಂಗಿಲ್ರಿ ಮಾವ. ಬುಟ್ಟ್ಯಾಗ ಮಣ್ಣ ಕಲಸಿಟ್ಟೀನಿ, ಕಲ್ಲ ತಿಪ್ಪ್ಯಾಗ ಅವ. ನೀವ ಮುಚ್ರಿ.”

ಅವನು ಬುಟ್ಟಿಯಿಂದ ಒಂದು ಮುದ್ದೆ ಮಣ್ಣು ತೆಗೆದುಕೊಂಡು ಗೋಡೆಯ ಕಡೆ ಹೋದ. ಕಿಡಕಿಯ ಎದುರು ನಿಂತರೆ ಓಣಿ ಕಾಣುತ್ತದೆ. ಹದಿನೆಂಟು ವರ್ಷ ಅವನು ಆ ಓಣಿಯಲ್ಲಿ ಕಾಲಿಟ್ಟಿರಲಿಲ್ಲ. ಈಗ ಅಲ್ಲಿ ನೆರೆಯ ಮುನ್ನಿ ಬೀ ಬಟ್ಟೆ ಒಣಹಾಕುತ್ತಿದ್ದಳು. ಅವನನ್ನು ಕಂಡು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ತನ್ನ ಕೆಲಸ ಮುಂದುವರಿಸಿದಳು. ಮಡೆಪ್ಪನ ಬೆರಳುಗಳ ನಡುವಿನಿಂದ ಮಣ್ಣು ಜಾರಿ ನೆಲಕ್ಕೆ ಬಿತ್ತು. ಅವನು ಅಲ್ಲೇ, ಕಿಡಕಿಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಕೂತುಬಿಟ್ಟ. ಎದುರಿಗೆ ಸತ್ಯಮ್ಮನ ಎಡಗಾಲು ಬೆಳಕಿನಲ್ಲಿತ್ತು. ಅವನು ಮೊದಲು ಅದನ್ನು ನೋಡಿದ, ಆಮೇಲೆ ನೆಲ ನೋಡಿದ.

ಎಂಟು ದಿನ ಅವನು ಮುಂಜಾನೆಯಿಂದ ಸಂಜೆಯವರೆಗೆ ಕೋಲು ಹಿಡಿದು ಅಲ್ಲೇ ಕೂತ. ಕಾವಲೋ, ಮುಚ್ಚುವ ಧೈರ್ಯ ಬರಲೆಂದು ಕಾಯುವುದೋ, ಯಾರಿಗೂ ತಿಳಿಯಲಿಲ್ಲ. ಗಯಾಬಾಯಿ ಅವನಿಗೆ ಜಾಗ ಮಾಡಿಕೊಡಲು ಜೋಳದ ಗಡಿಗೆಗಳನ್ನು ಸರಿಸಿದಳು, ಅವನ ಚಾಚಿದ ಕಾಲನ್ನು ದಾಟಿ ನೀರು ತಂದಳು, ರೊಟ್ಟಿ ಬಡಿದಳು. ಅವನು ಕೆಮ್ಮಿದರೂ ಬೆಚ್ಚುತ್ತಿದ್ದಳು. ಆದರೂ ಬುಟ್ಟಿಯ ಮಣ್ಣು ಒಣಗದಂತೆ ದಿನಾ ಅವನ ಕಣ್ಣೆದುರೇ ನೀರು ಚಿಮುಕಿಸಿದಳು. ಮುಚ್ಚುವುದಾದರೆ ಅವನೇ ಮುಚ್ಚಬೇಕಿತ್ತು.

ಒಂಬತ್ತನೆಯ ದಿನ ಅವನು ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಗೆ ಹೋಗಿ ಕೂತ. ಗಯಾಬಾಯಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಆ ಮಣ್ಣನ್ನು ತೆಗೆದು ಕಿಡಕಿಯ ಒರಟು ಅಂಚುಗಳಿಗೆ ಮೆತ್ತತೊಡಗಿದಳು. ಅವಳ ಕಿವಿ ಇನ್ನೂ ಬಾಗಿಲಿನ ಕಡೆಗೇ ಇತ್ತು.