ಬಿಗಿ ತೋಳಿನ ರವಿಕೆ

ನನ್ನ ಗಂಡ ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿದ್ದು ನಿವೃತ್ತರಾದವರು. ಕೊರೊನಾ ಲಸಿಕೆಯ ಬೂಸ್ಟರ್ ಹಾಕಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅವರೇ ಒತ್ತಾಯ ಮಾಡಿ, ಇಂದಿರಾನಗರದ ನಮ್ಮ ಮನೆಯ ಹತ್ತಿರವೇ ಇದ್ದ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವತ್ತು ನಾನು ತೊಟ್ಟಿದ್ದ ರವಿಕೆಯ ತೋಳು ಬಿಗಿ; ಎಷ್ಟು ಎಳೆದರೂ ಮೇಲೆ ಸರಿಯಲಿಲ್ಲ. ಇವರು ಕತ್ತಿನ ಕಡೆಯಿಂದ ರವಿಕೆಯನ್ನು ಜಗ್ಗಿ, "ಇಲ್ಲೇ ಹಾಕಿ ಸಿಸ್ಟರ್, ಪರವಾಗಿಲ್ಲ" ಎಂದರು. ಹಿಂದೆ ಉದ್ದದ ಸಾಲಿತ್ತು. ಆಕೆ ಭುಜದ ತುದಿಯಲ್ಲೇ ಚುಚ್ಚಿದಳು.

ಆ ಸಂಜೆ ಶುರುವಾದ ನೋವು ಹೋಗಲೇ ಇಲ್ಲ. ತಿಂಗಳಾಗುವಷ್ಟರಲ್ಲಿ ಎಡಗೈ ಎದೆಯ ಮಟ್ಟದಿಂದ ಮೇಲೇರದಾಯಿತು. ನನ್ನ ಜಡೆ ಹೆಣೆಯುವುದನ್ನು ಇವರು ಕಲಿತರು. ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ, "ಸೂಜಿ ಕೀಲಿಗೇ ತಗುಲಿರಬಹುದು" ಎಂದರು. ಆದರೆ ಅದನ್ನು ಬರೆದುಕೊಡಲು ಒಪ್ಪಲಿಲ್ಲ.

ಪರಿಹಾರ ಕೇಳಿ ಗ್ರಾಹಕರ ಆಯೋಗಕ್ಕೆ ಹೋಗೋಣ ಎಂದವರೂ ಇವರೇ. ಶಿವಾಜಿನಗರದ ವಕೀಲರೊಬ್ಬರು ಕೇಸು ಹಿಡಿದರು. ಇವರು ಬರೆದುಕೊಂಡು ಹೋಗಿದ್ದ ಹೇಳಿಕೆಯನ್ನು ಓದಿ ಅವರು ಕನ್ನಡಕ ತೆಗೆದರು.

"ಸಾರ್, ರವಿಕೆ ಜಗ್ಗಿದ್ದು, ಇಲ್ಲೇ ಹಾಕಿ ಅಂದಿದ್ದು ಇವೆಲ್ಲ ಯಾಕೆ? ತೆಗೆದ್ಬಿಡೋಣ."

"ಕ್ಲೇಮ್‌ಗೆ ಬಂದೋರಿಗೆಲ್ಲ ನಡೆದಿದ್ದನ್ನೇ ಬರೀರಿ ಅಂತಿದ್ದೆ. ಈಗ ನಾನೇ ಮುಚ್ಚಿಡ್ಲಾ?" ಎಂದರು ಇವರು.

ಆ ಸಾಲುಗಳು ಹಾಗೆಯೇ ಉಳಿದವು. ಆಸ್ಪತ್ರೆಯ ವಕೀಲರು ವಿಚಾರಣೆಯಲ್ಲಿ ಅವನ್ನೇ ಎತ್ತಿ ಓದಿದರು: ಜಾಗ ತೋರಿಸಿದವರು ಗಂಡನೇ ಅಲ್ಲವೇ? ಇವರು ತಲೆ ತಗ್ಗಿಸಿ ನಿಂತಿದ್ದರು.

ಎರಡು ವರ್ಷ ಅಲೆದ ಮೇಲೆ ದೂರು ವಜಾ ಆಯಿತು. ಆದೇಶದ ಪ್ರತಿ ಕೊಡಲು ನಮ್ಮ ವಕೀಲರು ಕಚೇರಿಗೆ ಕರೆಸಿಕೊಂಡರು. "ನಿಮ್ಮ ಮಾತಿಂದ ಸೋತಿದ್ದಲ್ಲ ಸಾರ್. ಸೂಜಿಯಿಂದಲೇ ಹೀಗಾಯ್ತು ಅಂತ ಯಾವ ಡಾಕ್ಟರೂ ಬರೆದುಕೊಡ್ಲಿಲ್ಲ, ಅದಕ್ಕೆ" ಎಂದು ಬಿಡಿಸಿ ಹೇಳಿದರು. ಇವರ ಕಿವಿಗೆ ಅದು ಬೀಳಲಿಲ್ಲ.

ಆಟೋ ಹಲಸೂರು ಕೆರೆ ದಾಟುವಾಗ, "ನನ್ನಿಂದಾನೇ ಆಯ್ತು ಕಣೇ" ಎಂದರು. ನಾನು ಮಾತಾಡಲಿಲ್ಲ. ಗುಂಡಿಗಳಲ್ಲಿ ಆಟೋ ಎತ್ತಿಹಾಕಿ ಭುಜ ಸಿಡಿಯುತ್ತಿತ್ತು, ಅದಕ್ಕೇ ಮಾತು ಹೊರಡಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಆದರೆ ಆ ಹೊತ್ತು ನನಗೆ ಅವರ ಮೇಲೆ ಕೋಪವೂ ಇತ್ತು. ಮನೆ ತಲುಪುವಷ್ಟರಲ್ಲಿ ಇಳಿದುಹೋಗಿದ್ದ ಕೋಪ ಅದು. ಅಷ್ಟರೊಳಗೆ ಅವರು ಅದನ್ನು ನೋಡಿಬಿಟ್ಟಿದ್ದರು.

"ನಿಮ್ದೇನೂ ತಪ್ಪಿಲ್ಲ ರೀ" ಎಂದು ಆಮೇಲೆ ಎಷ್ಟು ಸಲ ಹೇಳಿದ್ದೇನೋ. ಹ್ಞೂಂ ಅನ್ನುತ್ತಾರೆ, ಎದ್ದು ಬಾಲ್ಕನಿಗೆ ಹೋಗುತ್ತಾರೆ.